ನಾಲ್ಕನೇ ಸಲದ ಸ್ಪ್ಯಾನರ್

“ತಮ್ಮಾ, ಈ ಲಾರಿಯ ಬ್ರೇಕ್ ಅಡ್ಜಸ್ಟರ್ ತಾನಾಗಿ ಬಿಗಿಯಾಗುವ ವಸ್ತು. ಅದನ್ನು ನಾಲ್ಕು ಸಲ ಬಿಗಿ ಮಾಡಿಸಿದ್ದೀಯ. ಏಕೆ ಸಡಿಲವಾಗುತ್ತಿದೆ ಎಂದು ಒಂದು ಸಲವಾದರೂ ಕೇಳಿದೆಯಾ?”

ಸೋಮವಾರ ತೋರಣಗಲ್ಲಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಚಾಚಾ ಇಷ್ಟು ಹೇಳಿ ಬೀಡಿ ಹಚ್ಚಿದರು. ಇವತ್ತು ಶುಕ್ರವಾರ. ಆ ಮಾತು ಇನ್ನೂ ಕಿವಿಯಲ್ಲೇ ಕೂತಿದೆ.

ತಪ್ಪು ನನ್ನ ಲಾರಿಯ ಚಾಲಕನದಲ್ಲ. ಸಂಡೂರಿನಿಂದ ಅದಿರು ತುಂಬಿಕೊಂಡು ಬರುವಾಗ “ಅಣ್ಣಾ, ಹಿಂದೆ ಬಲಗಡೆ ಬ್ರೇಕ್ ತಡವಾಗಿ ಹಿಡಿಯುತ್ತಿದೆ” ಎಂದು ಅವನು ಮೂರು ಸಲ ಫೋನ್ ಮಾಡಿದ್ದ. ಸ್ವಲ್ಪ ಟೈಟ್ ಮಾಡಿಸಿಕೋ, ಟ್ರಿಪ್ ತಪ್ಪಿಸಬೇಡ ಎಂದವನು ನಾನು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೆ ನಾನೂ ಸ್ಟೇರಿಂಗ್ ಹಿಡಿದವನೇ. ನಾನು ಓಡಿಸಿದ ಲಾರಿಗಳಲ್ಲಿ ಬ್ರೇಕಿನ ಸಡಿಲ ತೆಗೆಯುವ ಈ ಸ್ಲ್ಯಾಕ್ ಅಡ್ಜಸ್ಟರನ್ನು ಕೈಯಿಂದಲೇ ಬಿಗಿ ಮಾಡಬೇಕಿತ್ತು. ಭಾನುವಾರ ಬಂತೆಂದರೆ ಗೋಣಿ ಹಾಸಿ ಕೆಳಗೆ ನುಸುಳುತ್ತಿದ್ದೆ. ಅದನ್ನು ನನ್ನ ಶಿಸ್ತು ಎಂದು ಹೇಳಿಕೊಂಡು ತಿರುಗಿದ್ದೂ ಉಂಟು.

ಚಾಚಾ ಸ್ಪ್ಯಾನರ್ ಮುಟ್ಟಲೇ ಇಲ್ಲ. ಟೈರುಗಳಿಗೆ ಕಲ್ಲು ಕೊಟ್ಟು, ಟ್ಯಾಂಕಿಗೆ ಗಾಳಿ ತುಂಬಿಸಿ, ಪಾರ್ಕಿಂಗ್ ಬ್ರೇಕ್ ಬಿಡಿಸಿದರು. ಗಾಳಿಯ ಒತ್ತಡದಿಂದ ಬ್ರೇಕ್ ಹಿಡಿಸುವ ಚೇಂಬರಿನಿಂದ ಹೊರಬರುವ ರಾಡಿನ ಮೇಲೆ, ಚೇಂಬರಿನ ಬಾಯಿಯ ಹತ್ತಿರ, ಸೀಮೆಸುಣ್ಣದ ಗೆರೆ ಎಳೆದರು. “ಒತ್ತು” ಎಂದರು. ಪೆಡಲ್ ಒತ್ತಿದೆ. ಗೆರೆ ಎಷ್ಟು ಮುಂದೆ ಬಂತೆಂದು ಸ್ಕೇಲ್ ಹಿಡಿದು ಅಳೆದರು. ಎಡಕ್ಕೆ 38 ಮಿಲಿಮೀಟರ್, ಬಲಕ್ಕೆ 60. ಆ ಚೇಂಬರಿಗೆ 51 ದಾಟಬಾರದು. 64ರ ಹೊತ್ತಿಗೆ ಅದರ ದಾರಿಯೇ ಮುಗಿಯುತ್ತದೆ. ಆಮೇಲೆ ಎಷ್ಟು ಗಾಳಿ ಕೊಟ್ಟರೂ, ಚಕ್ರದ ಡ್ರಮ್ಮಿಗೆ ಒತ್ತಿ ಹಿಡಿಯುವ ಲೈನರಿಗೆ ಬಲ ಸಿಗುವುದಿಲ್ಲ. ಇದು ತಣ್ಣಗಿನ ಡ್ರಮ್ಮಿನ ಲೆಕ್ಕ. ಇಳಿಜಾರಿನಲ್ಲಿ ಕಾದ ಡ್ರಮ್ ಹಿಗ್ಗುತ್ತದೆ, ರಾಡ್ ಇನ್ನಷ್ಟು ದೂರ ಹೋಗಬೇಕಾಗುತ್ತದೆ. ಉಳಿದಿದ್ದದ್ದು ನಾಲ್ಕೇ ಮಿಲಿಮೀಟರ್.

ಬಿಚ್ಚಿದಾಗ ರಾಡನ್ನು ಅಡ್ಜಸ್ಟರಿಗೆ ಜೋಡಿಸುವ ಕ್ಲೆವಿಸ್ ಪಿನ್ ಕೈಗೆ ಬಂತು. ನಡು ಸವೆದು ಡಮರುಗದಂತಾಗಿತ್ತು. ಲೈನರನ್ನು ಡ್ರಮ್ಮಿಗೆ ಒತ್ತುವ ಎಸ್ ಕ್ಯಾಮ್‌ನ ಬುಷ್ ಅಲುಗಾಡುತ್ತಿತ್ತು. ಗ್ರೀಸ್ ಇರಬೇಕಾದ ಕಡೆ ನಮ್ಮೂರಿನ ಕೆಂಪು ಧೂಳು ಕುಂಕುಮ ಮೆತ್ತಿದ ಹಾಗೆ ಗಟ್ಟಿಯಾಗಿತ್ತು. ಅಡ್ಜಸ್ಟರನ್ನು ಹಿಂದಕ್ಕೆ ತಿರುಗಿಸಿದರೆ ಬಿಗಿಯಾಗಿ ಕಟಕಟ ಎನ್ನಬೇಕಿತ್ತು. ನೀರು ಸೇದಿದ ರಾಟೆಯಂತೆ ಸುಮ್ಮನೆ ತಿರುಗಿತು. ನಾವು ಸ್ಪ್ಯಾನರ್ ಹಾಕಿದಾಗಲೆಲ್ಲ ಎರಡು ದಿನ ಚೆನ್ನಾಗಿ ಹಿಡಿದು, ರೋಗ ಒಳಗೇ ಉಳಿಯುತ್ತಿತ್ತು. ನನ್ನ ತಾಯಿಗೆ ಮೊಣಕಾಲು ನೋವೆಂದಾಗಲೆಲ್ಲ ಅಂಗಡಿಯ ಮಾತ್ರೆ ತಂದುಕೊಟ್ಟು ಎರಡು ವರ್ಷ ಕಳೆದವನೂ ನಾನೇ. ಅವರು ಎದ್ದು ಓಡಾಡಿದರೆ ಸಾಕು, ವಾಸಿಯಾಯಿತು ಎಂದು ಲೆಕ್ಕ.

ಒಂದು ಕಡೆಯದಷ್ಟೇ ಬದಲಾಯಿಸಿದರೆ ಸಾಲದೇ ಎಂದೆ. ಚಾಚಾ ನನ್ನ ಮುಖ ನೋಡಿದರು, ಉತ್ತರ ಕೊಡಲಿಲ್ಲ. ಆ ಆಕ್ಸಲ್‌ನ ಎರಡೂ ಕಡೆಗೆ ಒಂದೇ ಮಾದರಿಯ ಹೊಸ ಅಡ್ಜಸ್ಟರುಗಳು ಬಂದವು. ಕೂರಿಸುವಾಗ ಮಾತ್ರ ಸ್ಪ್ಯಾನರ್ ಹಿಡಿದರು: ಲೈನರ್ ಡ್ರಮ್ಮಿಗೆ ತಾಗುವವರೆಗೆ ತಿರುಗಿಸಿ, ಅರ್ಧ ಸುತ್ತು ಹಿಂದಕ್ಕೆ. ಹಳೆಯ ಗ್ರೀಸ್ ಹೊರಗೆ ಬರುವವರೆಗೆ ಗ್ರೀಸ್ ಗನ್ ಒತ್ತುವುದು ಇನ್ನು ನಿನ್ನ ಕೆಲಸ, ಉಳಿದದ್ದು ಅಡ್ಜಸ್ಟರಿನ ಕೆಲಸ ಎಂದರು.

ರಾತ್ರಿ ಮೊಬೈಲಿನಲ್ಲಿ ಹುಡುಕಿದೆ. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಗ್ಲೆನ್ ರಾಕ್ ಎಂಬಲ್ಲಿ ಒಂದು ಟಿಪ್ಪರ್ ಬ್ರೇಕ್ ಹಿಡಿಯದೆ ಕಾರುಗಳಿಗೆ ನುಗ್ಗಿತ್ತು. ಮೆಕ್ಯಾನಿಕ್‌ಗಳು ಮೂಲ ದೋಷವನ್ನು ತಪ್ಪಾಗಿ ಗ್ರಹಿಸಿದ್ದರೆಂದೂ, ಇಂಥ ಅಡ್ಜಸ್ಟರನ್ನು ಕೈಯಿಂದ ಬಿಗಿ ಮಾಡುವ ಅಪಾಯದ ಬಗ್ಗೆ ಸಾಕಷ್ಟು ಎಚ್ಚರಿಕೆ ಇರಲಿಲ್ಲವೆಂದೂ ತನಿಖೆಯವರು ಬರೆದಿದ್ದರು. ಓದಿದ ಮೇಲೆ ನಿದ್ದೆ ಬರಲಿಲ್ಲ.

ನಿನ್ನೆ ಚಾಲಕ ಫೋನ್ ಮಾಡಿದ. “ಅಣ್ಣಾ, ಎರಡೂ ಕಡೆ ಒಟ್ಟಿಗೇ ಹಿಡಿಯುತ್ತಿದೆ.” ಆದರೂ ಭಾನುವಾರ ಒಂದು ಸಲ ಟೈಟ್ ಮಾಡು ಎನ್ನುವ ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ನುಂಗಿಕೊಂಡು, ಸೀಮೆಸುಣ್ಣ ಇಟ್ಟುಕೊಂಡಿದ್ದೀಯಾ ಎಂದು ಕೇಳಿದೆ.