ಜೀನ್ಸ್ ನೀಲಿ ಗೆರಿ ಬಿಟ್ಟು ಏಳಲಿಲ್ಲ: ಪೇಪರ್ ಕ್ರೊಮ್ಯಾಟೊಗ್ರಫಿ, ಇಲ್ಲೀತನಕ ಆಗಿದ್ದು

ಬಳ್ಳಾರಿ ಬಿಸಿಲಾಗ ಪೇಪರ್ ಕ್ರೊಮ್ಯಾಟೊಗ್ರಫಿ (ಪೇಪರ್ ಮ್ಯಾಲ ಏರೋ ದ್ರವದಿಂದ ಬಣ್ಣ ಬ್ಯಾರೆ ಬ್ಯಾರೆ ಮಾಡೋದು) ಮಾಡೋರಿಗೆ ಮೊದಲನೇ ಮಾತು, ಬಾಟ್ಲಿ ಮುಚ್ಚಳ ಹಾಕೇ ಇಡ್ರಿ. 9ನೇ ಕ್ಲಾಸಿನ ಮಕ್ಕಳ ಜೊತಿ ಕರೇ ಸ್ಕೆಚ್ ಪೆನ್ನಿಂದ ಶುರು ಮಾಡಿದ್ದು, ಈಗ ಯಾವ ಹುಡುಗ ಮಾಡಿದ್ರೂ ಆರ್‌ಎಫ್ ವ್ಯಾಲ್ಯೂ (ಗೆರಿಯಿಂದ ಬಣ್ಣ ಏರಿದ ದೂರನ ದ್ರವ ಏರಿದ ದೂರದಿಂದ ಭಾಗಿಸಿದ್ದು) ಹೆಚ್ಚುಕಮ್ಮಿ ಒಂದೇ ಬರಾಕತ್ತೈತಿ, ಅದು ನನಗ ಭಾಳ ಖುಷಿ.

ಮಾಡೋ ರೀತಿ ಸರಳ ಐತಿ. ವಾಟ್ಮನ್ ನಂಬರ್ 1 ಫಿಲ್ಟರ್ ಪೇಪರ್ ಪಟ್ಟಿ, ಕೆಳಗ 2 ಸೆಂಟಿಮೀಟರ್ ಬಿಟ್ಟು ಪೆನ್ಸಿಲ್ ಗೆರಿ (ಪೆನ್ ಬ್ಯಾಡ, ಅದರ ಇಂಕೂ ಏರ್ತೈತಿ, ಪೆನ್ಸಿಲ್ ಗ್ರಾಫೈಟ್ ಕರಗಂಗಿಲ್ಲ), ಗೆರಿ ಮ್ಯಾಲ ಸಾಸಿವಿ ಕಾಳಿನಷ್ಟು ಚುಕ್ಕಿ, ಒಣಗಿದ ಮ್ಯಾಲ ಅದ ಜಾಗಕ್ಕ ಇನ್ನೊಂದು. ಹಾರ್ಲಿಕ್ಸ್ ಬಾಟ್ಲ್ಯಾಗ ನೀರು 1 ಸೆಂಟಿಮೀಟರ್ ಸಾಕು, ಚುಕ್ಕಿ ಮುಳುಗಿದ್ರ ಬಣ್ಣೆಲ್ಲಾ ಕೆಳಗ ನೀರಿಗೇ ಇಳೀತೈತಿ.

ನೀರು ಚುಕ್ಕಿಗೆ ಮುಟ್ಟೋ ಹೊತ್ತಿನಾಗ ಮಕ್ಕಳ ಮಾರಿ ನೋಡಬೇಕ್ರಿ. ಕರೇದು ಮೊದಲು ಸ್ವಲ್ಪ ಉದ್ದ ಆಗ್ತೈತಿ, ಆಮ್ಯಾಲ ತುದಿಯಾಗ ನೀಲಿ ಬಿಡಿಸಿಕೊಂಡು ಮುಂದ ಹೋಗ್ತೈತಿ, ಅದರ ಹಿಂದ ಗುಲಾಬಿ, ಎಲ್ಲಾದಕ್ಕೂ ಕೆಳಗ ತೆಳ್ಳಗ ಹಳದಿ. ನೀರು ಗೆರಿಯಿಂದ 8 ಸೆಂಟಿಮೀಟರ್ ಏರಿದಾಗ ನೀಲಿ 7.2ಕ್ಕ ಇತ್ತು, ಅಂದ್ರ ಆರ್‌ಎಫ್ 0.9. ಗುಲಾಬಿ 5.2, ಅದಕ್ಕ 0.65. ಬ್ಯಾರೆ ಕಂಪನಿ ಕರೇ ಪೆನ್ ಹಾಕಿದ್ರ ಪಟ್ಟಿನ ಬ್ಯಾರೆ, ಕಣ್ಣಿಗೆ ಎರಡೂ ಒಂದೇ ಕಪ್ಪು.

ಬಾಲ್ ಪೆನ್ ಇಂಕ್ ನೀರಿಗೆ ಜಗ್ಗಲಿಲ್ಲ, ಅದಕ್ಕ ಸ್ಪಿರಿಟ್ ತಗೊಂಡ್ವಿ (ಹತ್ರ ಬೆಂಕಿ ಇರಬಾರ್ದು, ಕಿಟಕಿ ತೆಗೆದಿರ್ಬೇಕು). ಮುಚ್ಚಳದ ಮಹತ್ವ ಗೊತ್ತಾಗೋದು ಇಲ್ಲೇ. ಬಾಟ್ಲಿ ತೆಗೆದಿಟ್ರ ಪೇಪರ್ ಮ್ಯಾಲಿನ ಸ್ಪಿರಿಟ್ ಆರಿ ಹೋಗ್ತೈತಿ, ಮ್ಯಾಲಿನ ಅಂಚು ನಿಂತಂಗ ಆಗ್ತೈತಿ, ಆದ್ರ ಕೆಳಗಿಂದ ಸ್ಪಿರಿಟ್ ಏರ್ತಾನ ಇದ್ದು ಬಣ್ಣನ ಮ್ಯಾಲ ಒಯ್ತಿರ್ತೈತಿ, ಹಿಂಗಾಗಿ ಆರ್‌ಎಫ್ ಇರಬೇಕಾದ್ದಕ್ಕಿಂತ ಜಾಸ್ತಿ ಬರ್ತೈತಿ. ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಒಳಗ ಆವಿ ತುಂಬಿದ ಮ್ಯಾಲ ಪಟ್ಟಿ ಇಳಿಸಿದ್ರ ಲೆಕ್ಕ ಹಿಡಿತಕ್ಕ ಬರ್ತೈತಿ.

ಈ ವಾರದ ಹೊಸಾದು ಜೀನ್ಸ್. ನಮ್ಮ ಕ್ಲಾಸಿನ ಒಬ್ಬಾಕಿ ಮನ್ಯಾಗ ಜೀನ್ಸ್ ಹೊಲೀತಾರ, ಬಟ್ಟಿ ತುಂಡು ತಂದು "ಸರ, ಈ ನೀಲಿ ಒಳಗ ಎಷ್ಟು ಬಣ್ಣ ಅದಾವ್ರೀ" ಅಂದ್ಲು. ಹಾಕಿ ನೋಡೂಣವ್ವ ಅಂತ ತೊಯಿಸಿ ಗೆರಿ ಮ್ಯಾಲ ತಿಕ್ಕಿದ್ವಿ. ನೀರಾಗ ಏರ್ಲಿಲ್ಲ, ಸ್ಪಿರಿಟಿನಾಗೂ ಇಲ್ಲ, ನೀಲಿ ಗೆರಿ ಮ್ಯಾಲೇ ಕುಂತೈತಿ. ಅದು ಇಂಡಿಗೋ, ನೀರಾಗ ಕರಗೋ ಬಣ್ಣ ಅಲ್ಲ. ನೂಲಿಗೆ ಬಣ್ಣ ಹಾಕೋವಾಗ ಕ್ಷಾರದ ದ್ರಾವಣದಾಗ ಅಪಕರ್ಷಣ (ರಿಡಕ್ಷನ್, ಆಕ್ಸಿಡೇಶನ್‌ಗೆ ಉಲ್ಟಾ ಕ್ರಿಯೆ) ಮಾಡಿ ಕರಗೋ ರೂಪಕ್ಕ ತರ್ತಾರ, ಆಗ ಅದು ಹಳದಿ ಹಸಿರು ಕಾಣ್ತೈತಿ, ನೂಲು ಹೊರಗ ತೆಗೆದ ಕೂಡ್ಲೇ ಗಾಳ್ಯಾಗಿನ ಆಕ್ಸಿಜನ್ ಹತ್ತಿ ಮತ್ತ ನೀಲಿ ಆಗಿ ಗಟ್ಟಿ ಕುಂದರ್ತೈತಿ. ಕರಗದ ಬಣ್ಣ ಸಾಲ್ವೆಂಟ್ (ಏರೋ ದ್ರವ) ಜೊತಿ ಹೆಂಗ ಹೋಗಬೇಕು? ಖಾಲಿ ಪಟ್ಟಿ ನೋಡಿ ಆ ಹುಡುಗಿ ತಾನಾಗೇ "ಅದಕ್ಕ ತೊಳದ್ರೂ ಪೂರಾ ಹೋಗಂಗಿಲ್ಲೇನ್ರಿ" ಅಂತ ಕೇಳಿದ್ಲಲ್ಲ, ಈ ಪ್ರಯೋಗದಾಗ ನನಗ ಸಿಕ್ಕ ಎಲ್ಲಕ್ಕಿಂತ ಛಲೋ ಪ್ರಶ್ನೆ ಅದು.

ಇನ್ನೊಂದು ಹೇಳ್ಬೇಕು, 1944ರಾಗ ಕಾನ್ಸ್‌ಡನ್, ಗಾರ್ಡನ್, ಮಾರ್ಟಿನ್ ಅನ್ನೋರು ಈ ಪೇಪರ್ ವಿಧಾನ ಪ್ರಕಟ ಮಾಡಿದ್ದು ಇಂಗ್ಲೆಂಡಿನ ಲೀಡ್ಸ್‌ನ ಉಣ್ಣೆ ಸಂಶೋಧನಾ ಲ್ಯಾಬಿನಿಂದ. ಮಾರ್ಟಿನ್‌ಗೆ ಸಿಂಜ್ ಅನ್ನೋ ವಿಜ್ಞಾನಿ ಜೊತಿ 1952ರಾಗ ನೊಬೆಲ್ ಬಂತು. ಜೀನ್ಸ್ ಹೊಲಿಯೋ ನಮ್ಮೂರಿನ ಮಕ್ಕಳಿಗೆ ಇದನ್ನ ಹೇಳಿದಾಗ ಕಿವಿ ನೆಟ್ಟಗಾದ್ವು.

ಮುಂದಿನದು ಪಾಲಕ್ ಎಲಿ. ಪೆಟ್ರೋಲಿಯಂ ಈಥರ್ ಮತ್ತ ಸ್ವಲ್ಪ ಅಸಿಟೋನ್ ಬೇಕು, ಲ್ಯಾಬಿನ ಸ್ಟಾಕಿನಾಗ ಐತೇನು ನೋಡ್ಬೇಕು. ಎಲಿಯಾಗಿನ ಹಳದಿ ಬಣ್ಣ ಕ್ಯಾರೊಟೀನ್ ತುದಿಗೆ, ಹಸಿರು ಬಣ್ಣ ಕ್ಲೋರೋಫಿಲ್ ಬಿ ಕೆಳಗ ಬರ್ಬೇಕು, ಬಂದ್ರ ಪಟ್ಟಿ ಫೋಟೋ ಹಾಕ್ತೀನಿ.