ಖೋವಾ ಜಾಗಕ್ಕೆ ಹಲಸಿನ ಬೀಜ

ತುಮಕೂರಿನ ಹೊರವಲಯದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯ ಉಸ್ತುವಾರಿ ನನ್ನದು. ದಿನಕ್ಕೆ 120 ಊಟ. ಶನಿವಾರ ಊಟದ ಜೊತೆ ಒಂದು ಸಿಹಿ ಇರಲೇಬೇಕು. ಹೋದ ವರ್ಷದವರೆಗೂ ಅದು ಹೆಚ್ಚಾಗಿ ಖೋವಾ ಬರ್ಫಿಯೇ ಆಗಿತ್ತು.

ಒಂದು ಕೆ.ಜಿ. ಖೋವಾ ಆಗಬೇಕಾದರೆ ಸುಮಾರು 5 ಲೀಟರ್ ಹಾಲು ಬತ್ತಬೇಕು. ಹಾಲಿನ ರೇಟು ಏರಿದಾಗೆಲ್ಲ ನಮ್ಮ ಬರ್ಫಿಯ ತುಂಡು ಸಣ್ಣದಾಗುತ್ತಾ ಬಂತು. ಡಾಲ್ಡಾ ಹಾಕಿ ಮಾಡು ಎಂದವರೂ ಇದ್ದರು. ನನಗೆ ಮನಸ್ಸು ಬರಲಿಲ್ಲ. ನಮ್ಮಲ್ಲಿ ಊಟಕ್ಕೆ ಬರುವವರಲ್ಲಿ ನಲವತ್ತು ದಾಟಿದವರೇ ಜಾಸ್ತಿ. ಬಿಪಿ, ಶುಗರ್ ಮಾತ್ರೆ ಜೇಬಿನಲ್ಲಿಟ್ಟುಕೊಂಡೇ ತಟ್ಟೆ ಹಿಡಿಯುತ್ತಾರೆ. ಗೊತ್ತಿದ್ದೂ ಗೊತ್ತಿದ್ದೂ ಅವರಿಗೆ ಡಾಲ್ಡಾ ಬಡಿಸುವುದು ಹೇಗೆ?

ಅಷ್ಟರಲ್ಲಿ ಹಲಸಿನ ಕಾಲ ಬಂತು. ಗುಬ್ಬಿ ತಾಲ್ಲೂಕಿನ ಚೇಳೂರು ಕಡೆ ಹಲಸು ಎಷ್ಟು ಬೆಳೆಯುತ್ತದೆ ಎಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ತಾಮ್ರದ ಬಣ್ಣದ ತೊಳೆಯ ಸಿದ್ದು ಹಲಸಿನ ಊರೇ ಅದು. ನಾವು ತರಿಸುವುದು ಸಾಮಾನ್ಯ ಹಣ್ಣು. ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿ, ಬೀಜ ತೆಗೆದು ಬಡಿಸುತ್ತೇವೆ. ಹತ್ತು ಕೆ.ಜಿ. ಹಣ್ಣಿನಲ್ಲಿ ಹೆಚ್ಚು ಕಡಿಮೆ ಒಂದು ಕೆ.ಜಿ. ಬೀಜ ಇರುತ್ತದೆ. ಅಷ್ಟೂ ಸಂಜೆ ಕಸದ ಗಾಡಿಗೆ ಹೋಗುತ್ತಿತ್ತು.

ಪಾತ್ರೆ ತೊಳೆಯಲು ಬರುವ ಅಜ್ಜಿ ಒಂದು ದಿನ ಅದನ್ನು ನೋಡಿ, "ಬೀಜ ಬಿಸಾಕ್ತೀಯಲ್ಲವ್ವ, ತಿನ್ನೋ ವಸ್ತು ಕಣವ್ವ ಅದು" ಎಂದರು. ಒಂದು ಹಿಡಿ ಬೀಜಕ್ಕೆ ಉಪ್ಪು ಹಾಕಿ ಬೇಯಿಸಿ, ಬಿಸಿಬಿಸಿ ಇರುವಾಗಲೇ ಒಂದನ್ನು ಸುಲಿದು ನನ್ನ ಕೈಗಿಟ್ಟರು. ಕಚ್ಚಿದೆ. ಹಿಟ್ಟುಹಿಟ್ಟಾಗಿ ಒಡೆಯಿತು, ಒಳಗೆ ಹಾಲುಬಿಳುಪು, ನಾಲಿಗೆಯ ಮೇಲೆ ಸಣ್ಣ ಸಿಹಿ. ಬೀಜವನ್ನು ಹುಳಿಗೆ, ಪಲ್ಯಕ್ಕೆ ಹಾಕಿಕೊಂಡು ಬೆಳೆದವಳೇ ನಾನು. ಆದರೆ ಇದನ್ನು ಬರ್ಫಿ ಮಾಡಬಹುದಲ್ಲ ಎಂದು ಹೊಳೆದದ್ದು ಆವತ್ತೇ.

ಆ ಶನಿವಾರವೇ ಮಾಡಿದೆ. ತಪ್ಪಾಗಿದ್ದೂ ಅಲ್ಲೇ. ಖೋವಾ ಎಷ್ಟು ಹಾಕುತ್ತಿದ್ದೆನೋ ಅಷ್ಟೇ ಬೀಜ ಹಾಕಿದೆ, ಉಳಿದದ್ದೆಲ್ಲ ಮೊದಲಿನ ಹಾಗೆಯೇ. ಸಮಯ ಇಲ್ಲ ಎಂದು ಬೀಜದ ಮೇಲಿನ ಕಂದು ಪೊರೆ ತೆಗೆಯಲಿಲ್ಲ. ಆರಿದ ಮೇಲೆ ರುಬ್ಬಿದೆ. ಬರ್ಫಿ ಮಣ್ಣಿನ ಬಣ್ಣಕ್ಕೆ ಬಂತು, ತರಿತರಿಯಾಯಿತು, ಬೇಯಿಸಿದ ಕಾಳಿನ ವಾಸನೆ ಹಾಗೇ ಉಳಿಯಿತು. ಊಟ ಆಗುವಾಗ ನಾನು ತಟ್ಟೆ ಹಾಕುವ ಟಬ್ಬಿನ ಪಕ್ಕ ನಿಲ್ಲುತ್ತೇನೆ. ಅಡುಗೆ ಹೇಗಿತ್ತು ಎಂದು ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ, ತಟ್ಟೆ ಹಾಗೆ ಹೇಳುವುದಿಲ್ಲ. ಆವತ್ತು ತಟ್ಟೆ ಮೇಲೆ ತಟ್ಟೆ, ಒಂದೇ ಒಂದು ಸಲ ಕಚ್ಚಿ ಬಿಟ್ಟ ಬರ್ಫಿ. ಹಲ್ಲಿನ ಗುರುತು ಹಾಗೇ ಕಾಣುತ್ತಿತ್ತು. ತುಂಬಾ ಬೇಜಾರಾಯಿತು.

ರಾತ್ರಿ ಕೂತು ಯೋಚನೆ ಮಾಡಿದೆ. ಖೋವಾ ಬದಲು ಏನು ಹಾಕಲಿ ಎಂದಷ್ಟೇ ನಾನು ಕೇಳಿಕೊಂಡಿದ್ದೆ. ಬರ್ಫಿಯಲ್ಲಿ ಖೋವಾ ಏನು ಕೆಲಸ ಮಾಡುತ್ತಿತ್ತು ಎಂದು ಕೇಳಿಕೊಂಡೇ ಇರಲಿಲ್ಲ. ಅದು ಮೂರು ಕೆಲಸ ಮಾಡುತ್ತಿತ್ತು: ಮೈ ಕೊಡುವುದು, ಜಿಡ್ಡು ಕೊಡುವುದು, ಹಾಲಿನ ರುಚಿ ಕೊಡುವುದು. ಬೀಜದಲ್ಲಿ ಇರುವುದು ಹೆಚ್ಚಾಗಿ ಪಿಷ್ಟ, ಜೊತೆಗೆ ಸ್ವಲ್ಪ ಪ್ರೋಟೀನ್, ನಾರು. ಜಿಡ್ಡು ಇಲ್ಲವೆಂದೇ ಹೇಳಬೇಕು. ಅಂದರೆ ಮೈ ಅದೇ ಕೊಡುತ್ತದೆ, ಉಳಿದೆರಡನ್ನು ಅಳತೆ ನೋಡಿ ನಾನೇ ಸೇರಿಸಬೇಕು. ಆದರೆ ಖೋವಾದಲ್ಲಿ ಇದ್ದಷ್ಟು ಜಿಡ್ಡು ಬೇಕಾಗಿಲ್ಲ. ಆರೋಗ್ಯಕ್ಕೆ ಲಾಭ ಅಲ್ಲೇ ಇರುವುದು.

ನಾಲ್ಕು ಸಲ ಮಾಡಿ ನೋಡಿದ ಮೇಲೆ ಈಗಿನ ಅಳತೆ ಕೂತಿದೆ. ಬೀಜವನ್ನು ಒಂದು ದಿನ ನೆರಳಿನಲ್ಲಿ ಆರಲು ಬಿಟ್ಟರೆ ಮೇಲಿನ ಬಿಳಿ ಸಿಪ್ಪೆ ಸುಲಭವಾಗಿ ಬಿಡುತ್ತದೆ. ಒಂದು ಚಿಟಿಕೆ ಉಪ್ಪು ಹಾಕಿ ಕುಕ್ಕರಿನಲ್ಲಿ ಐದು ವಿಸಿಲ್. ಬಿಸಿ ಇರುವಾಗಲೇ ಒರಟು ಬಟ್ಟೆಯಲ್ಲಿ ಉಜ್ಜಿ ಕಂದು ಪೊರೆ ತೆಗೆಯಬೇಕು, ಬಿಸಿಯಲ್ಲೇ ರುಬ್ಬಬೇಕು. ಆರಿದರೆ ಬೀಜ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ರುಬ್ಬಿದರೂ ನುಣ್ಣಗಾಗುವುದಿಲ್ಲ. ಒಂದು ಕೆ.ಜಿ. ಬೀಜದ ಹಿಟ್ಟಿಗೆ 80 ಗ್ರಾಂ ತುಪ್ಪ. ಸಣ್ಣ ಉರಿಯಲ್ಲಿ, ಹಸಿ ವಾಸನೆ ಹೋಗಿ ಬಾಣಲೆಯ ತಳ ಬಿಡುವವರೆಗೂ ಕೈಯಾಡಿಸಬೇಕು. ಅವಸರ ಮಾಡಿದರೆ ಬರ್ಫಿ ಕೂರುವುದಿಲ್ಲ, ಹಲ್ವಾ ಆಗುತ್ತದೆ. ಆಮೇಲೆ ಸೋಸಿದ 300 ಗ್ರಾಂ ಬೆಲ್ಲದ ಪಾಕ, ಏಲಕ್ಕಿ. ಪಾಕ ಹೀರಿಕೊಂಡು ಮತ್ತೆ ತಳ ಬಿಟ್ಟ ಮೇಲೆ ಒಲೆ ಆರಿಸಿ, 100 ಗ್ರಾಂ ಹಾಲಿನ ಪುಡಿ. ಬೆಲ್ಲದ ಜೊತೆ ಹಾಲು ಕುದಿಸಿದರೆ ಒಡೆಯುವ ಭಯ, ಅದಕ್ಕೇ ಪುಡಿ ಕೊನೆಗೆ. ತಟ್ಟೆಗೆ ತಟ್ಟಿ ಕೊಯ್ದರೆ ಸಣ್ಣ ತುಂಡು ಐವತ್ತು ಬರುತ್ತವೆ.

ಬೆಲ್ಲ ಹಾಕಿದರೆ ಶುಗರ್ ಇರುವವರು ಎಷ್ಟು ಬೇಕಾದರೂ ತಿನ್ನಬಹುದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆಲ್ಲವೂ ಸಕ್ಕರೆಯೇ. ಬೀಜದ ಪಿಷ್ಟವೂ ಲೆಕ್ಕಕ್ಕೆ ಬರುತ್ತದೆ. ದಿನಕ್ಕೆ ಸೇರಿಸಿದ ಸಕ್ಕರೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ನಮ್ಮ ಒಂದು ತುಂಡಿನಲ್ಲಿ ಬೆಲ್ಲ 6 ಗ್ರಾಂ. ಇದನ್ನು ಬೋರ್ಡಿನಲ್ಲಿ ಬರೆದು ಹಾಕಿದ್ದೇನೆ. ಒಬ್ಬೊಬ್ಬರಿಗೆ ಒಂದೇ ತುಂಡು. ಬೀಜ ಕೆಲವರಿಗೆ ವಾಯು ಮಾಡುತ್ತದೆ, ಹಾಗಾಗಿಯೂ ಒಂದು ಸಾಕು.

ಇದರಲ್ಲಿ ನೀರಿನಂಶ ಜಾಸ್ತಿ, ಆವತ್ತೇ ಖರ್ಚಾಗಬೇಕು. ಫ್ರಿಜ್‌ನಲ್ಲಿಟ್ಟರೆ ಎರಡು ದಿನ. ನಮಗೆ ಖೋವಾ ಬರ್ಫಿಗೆ ಆಗುತ್ತಿದ್ದ ಖರ್ಚಿನ ಅರ್ಧವೂ ಆಗುತ್ತಿಲ್ಲ. ಆದರೆ ಸುಲಿಯುವ ಕೆಲಸ ಜಾಸ್ತಿ. ಉಳಿದ ದುಡ್ಡಿನಲ್ಲಿ ಅಜ್ಜಿಗೆ ಶುಕ್ರವಾರ ಎರಡು ಗಂಟೆಯ ಹೆಚ್ಚಿನ ಕೂಲಿ ಕೊಡಿಸಿದ್ದೇನೆ. ಸಂಕ್ರಾಂತಿ ಹೊತ್ತಿಗೆ ಬೀಜ ಸಿಗುವುದಿಲ್ಲ, ಆಗ ಗೆಣಸಿನಲ್ಲಿ ಮಾಡಿದೆ. ಪರವಾಗಿಲ್ಲ, ಆದರೆ ಈ ಮೈ ಬರುವುದಿಲ್ಲ.

ಈ ಸಲ ಬೇಯಿಸಿ ರುಬ್ಬಿದ ಹಿಟ್ಟನ್ನು ನಾಲ್ಕು ಡಬ್ಬ ಫ್ರೀಜರಿನಲ್ಲಿ ಇಟ್ಟಿದ್ದೇವೆ. ಒಂದೊಂದು ಡಬ್ಬದ ಮೇಲೂ ತಾರೀಖು ಬರೆದಿದೆ. ನಾಲ್ಕೂ ಶ್ರಾವಣ ಶನಿವಾರಗಳಿಗೆ.