ಬಾವಿ ನೀರಿನಲ್ಲಿ ಗಪ್ಪಿ: ಕೊನೆಗೂ ಮರಿ ಉಳಿದವು

ತೊಟ್ಟಿಯಲ್ಲಿ ಸಾಕಿರುವ ಗಪ್ಪಿ ಮೀನಿನ ಈ ಸಲದ ಮರಿಗಳು ಉಳಿದಿವೆ. ಬಾಲಕ್ಕೆ ಬಣ್ಣವೂ ಬರುತ್ತಿದೆ. ಬಸುರಿ ಮೀನನ್ನು ಬೇರೆ ಇಡುವುದು, ಮರಿ ಅಡಗಲು ಜಾವಾ ಮಾಸ್ ಎಂಬ ನೀರಿನ ಗಿಡ, ತಿನ್ನಲು ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿ, ಇದೆಲ್ಲ ನಿಮಗೆ ಗೊತ್ತಿರುವುದೇ. ನನ್ನ ತಲೆ ತಿಂದಿದ್ದು ನೀರು.

ತೀರ್ಥಹಳ್ಳಿ ಕಡೆಯ ನಮ್ಮ ಬಾವಿ ನೀರು ಕುಡಿಯಲು ಸಕ್ಕರೆ. ಆದರೆ ಜಂಬಿಟ್ಟಿಗೆ ನೆಲ, ಜೊತೆಗೆ ಈ ಮಳೆ. ನೀರಿನಲ್ಲಿ ಸುಣ್ಣದ ಅಂಶವೇ ಇಲ್ಲ. ಕೆಎಚ್ (ಹುಳಿಯನ್ನು ತಡೆಯುವ ಕ್ಷಾರದ ಅಳತೆ) ನೋಡುವ ಕಿಟ್‌ನಲ್ಲಿ ಮೊದಲ ಹನಿಗೇ ಬಣ್ಣ ತಿರುಗಿತು, ಅಂದರೆ ಅದು ಹೆಚ್ಚುಕಡಿಮೆ ಸೊನ್ನೆ.

ತಿಂಗಳುಗಟ್ಟಲೆ ಚೆನ್ನಾಗಿದ್ದ ಮರಿಗಳು ನೀರು ಬದಲಿಸಿದ ಮೇಲೆಯೇ ಸಾಯುತ್ತಿದ್ದವು. ಕೇಳಿದವರೆಲ್ಲ ಕ್ಲೋರಿನ್ ಅಂದರು. ಬಾವಿ ನೀರಿಗೆ ಎಲ್ಲಿಯ ಕ್ಲೋರಿನ್! ಪಿಎಚ್ (ನೀರಿನ ಹುಳಿಯ ಅಳತೆ, ಅಂಕೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ನೋಡಿದಾಗ ಗುಟ್ಟು ಗೊತ್ತಾಯಿತು. ತೊಟ್ಟಿಯಲ್ಲಿ 5.5, ರಾತ್ರಿಯಿಡೀ ಗಾಳಿ ಬಿಟ್ಟ ಹೊಸ ನೀರಿನಲ್ಲಿ 7. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತವೆ; 1 ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್‌ಗೆ ಸುಮಾರು 7 ಮಿಲಿಗ್ರಾಂ ಕ್ಷಾರ ಬಳಸುತ್ತವೆ. ಕೆಎಚ್ ಮುಗಿದರೆ ಪಿಎಚ್ ಕುಸಿಯುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ. ಅಮೋನಿಯಾ ಸೇರುತ್ತಾ ಹೋಗುತ್ತದೆ. ಹುಳಿ ನೀರಿನಲ್ಲಿ ಅದು ಅಮೋನಿಯಂ ಎಂಬ ಇನ್ನೊಂದು ರೂಪದಲ್ಲಿರುವುದರಿಂದ ಜಾಸ್ತಿ ತೊಂದರೆಯಿಲ್ಲ. ಒಳ್ಳೆಯ ನೀರು ಸುರಿದು ಪಿಎಚ್ ಏರಿಸಿದ ಕೂಡಲೇ ಅದೇ ವಿಷ.

ನೀರಿಗೆ ಸುಣ್ಣದ ಅಂಶ ಸೇರಿಸಬೇಕಿತ್ತು. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಹವಳದ ಚೂರು ಎಂದು ಚೀಲ ಕೊಟ್ಟರು. ಹವಳವಾಗಿದ್ದರೆ ವಿನೆಗರ್‌ಗೆ ಗುಳ್ಳೆ ಏಳಬೇಕು; ಬಿಟ್ಟು ನೋಡಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಬರೀ ಬೆಣಚುಕಲ್ಲು! ಇದನ್ನು ನಂಬಿ ಮರಿ ಬಿಟ್ಟವರ ಗತಿ ಏನು? ಸಿಟ್ಟು ಇನ್ನೂ ಇಳಿದಿಲ್ಲ.

ಕೊನೆಗೆ ಹೊನ್ನಾವರದ ನೆಂಟರು ಕಪ್ಪೆಚಿಪ್ಪು ತಂದುಕೊಟ್ಟರು. ಕುದಿಸಿ, ತಿಕ್ಕಿ, ಕುಟ್ಟಿ, ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನ ಬಾಯಿಗೆ ಇಟ್ಟೆ. ಅಡುಗೆ ಸೋಡಾ ಹಾಕಿದರೆ ಕೆಎಚ್ ದಿಢೀರ್ ಏರುತ್ತದೆ, ಕ್ಯಾಲ್ಸಿಯಂ ಮಾತ್ರ ಸಿಗುವುದಿಲ್ಲ. ಚಿಪ್ಪು ಹಾಗಲ್ಲ. ನೀರು ಹುಳಿಯಾದಷ್ಟೂ ಬೇಗ ಕರಗುತ್ತದೆ, ಹುಳಿ ಇಳಿದರೆ ನಿಧಾನವಾಗುತ್ತದೆ. ಈಗ ಕೆಎಚ್ 4, ಅಮೋನಿಯಾ ಸೊನ್ನೆ. ಹಳೇ ತೊಟ್ಟಿಗೆ ಚಿಪ್ಪು ಹಾಕುವ ಮುಂಚೆ ದಿನಾ ಸ್ವಲ್ಪ ಸ್ವಲ್ಪ ನೀರು ಬದಲಿಸಿ ಅಮೋನಿಯಾ ತೆಗೆಯಲೇಬೇಕು. ಇಲ್ಲದಿದ್ದರೆ ಅದೇ ಸಾವು ಮತ್ತೆ.

ಅಂದಹಾಗೆ, ಮುಂದಿನದು ಪಂಚಾಕ್ಸ್! ನಮ್ಮ ಗದ್ದೆ, ಹಳ್ಳದ್ದೇ ಮೀನು, ಪಟ್ಟೆಯದು. ಅದಕ್ಕೆ ಚಿಪ್ಪೂ ಬೇಡ, ಸೋಡಾನೂ ಬೇಡ, ಈ ಮೆದು ನೀರೇ ಸಾಕು. ಮೊಟ್ಟೆ ಇಡಲು ಉಲ್ಲನ್ ದಾರದ ಗೊಂಚಲು ಕಟ್ಟಿಟ್ಟಿದ್ದೇನೆ. ಮೊಟ್ಟೆ ಒಡೆಯಲು ಸುಮಾರು 2 ವಾರ ಬೇಕು, ಅಷ್ಟರಲ್ಲಿ ತಂದೆತಾಯಿ ತಿಂದುಹಾಕದಂತೆ ಗೊಂಚಲನ್ನೇ ಬೇರೆ ಡಬ್ಬಿಗೆ ಹಾಕುವ ಯೋಚನೆ. ಮೀನು ಜಿಗಿಯುವುದರಲ್ಲಿ ಗಟ್ಟಿಗ, ಅದಕ್ಕೇ ಮೊದಲು ಮುಚ್ಚಳ ಮಾಡಿಸಬೇಕು.